ಗುಡ್ಡದ ಬುಡದ ಮನೆಗೆ ಮಳೆಯ ಲೆಕ್ಕ

ಮೇ ತಿಂಗಳು ಮುಗಿಯುವುದರೊಳಗೆ ಕೊಡಗಿನ ಮನೆಗಳಲ್ಲಿ ಸೌದೆ ಕೊಟ್ಟಿಗೆ ಸೇರಿರುತ್ತದೆ. ಅಕ್ಕಿ, ಬೇಳೆ, ಒಣಮೀನು ಡಬ್ಬಿ ತುಂಬಿರುತ್ತವೆ. ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಮಾವಿನಕಾಯಿ ಭರಣಿಯಲ್ಲಿ ಕೂತಿರುತ್ತವೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ವಾರಗಟ್ಟಲೆ ಕರೆಂಟ್ ಹೋದರೂ, ರಸ್ತೆಗೆ ಮರ ಬಿದ್ದು ಪೇಟೆಯ ದಾರಿ ಮುಚ್ಚಿದರೂ ಮನೆ ನಡೆಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿ, ಅದನ್ನೂ ಮೀರಿಸುವ ಭಾಗಮಂಡಲದ ಸೀಮೆಯ ಜನ ತಲೆಮಾರುಗಳಿಂದ ರೂಢಿಸಿಕೊಂಡ ವಿದ್ಯೆ ಇದು. ಆದರೆ ಈ ಸಿದ್ಧತೆಯೆಲ್ಲ ಮನೆಯೊಳಗೆ ಕೂತು ಮಳೆಗಾಲ ಕಳೆಯುವುದಕ್ಕೆ. 2018ರ ಆಗಸ್ಟ್ ತಿಂಗಳು ಬೇರೆಯದೇ ಸಿದ್ಧತೆಯನ್ನು ಕೇಳಿತು. ಕತ್ತಲಲ್ಲಿ, ಸುರಿಯುವ ಮಳೆಯಲ್ಲಿ, ಕೆಲವೇ ನಿಮಿಷಗಳಲ್ಲಿ ಮನೆ ಬಿಟ್ಟು ಹೊರಡುವ ಸಿದ್ಧತೆ.

ಆ ವರ್ಷ ಜೂನ್‌ನಿಂದಲೇ ಮಳೆ ಜೋರಾಗಿತ್ತು. ಮಣ್ಣು ಎರಡು ತಿಂಗಳು ನೀರು ಕುಡಿದು ತುಂಬಿದ್ದ ಹೊತ್ತಿನಲ್ಲಿ ಆಗಸ್ಟ್ ಮಧ್ಯದ ಮೂರು-ನಾಲ್ಕು ದಿನ ಬಿಡದೆ ಸುರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ ಹೀಗೆ ಊರೂರಲ್ಲಿ ಬೆಟ್ಟದ ಮೈ ತೋಟ, ಮನೆ, ಗದ್ದೆ ಸಮೇತ ಜಾರಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಮರುವರ್ಷ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಬೆಟ್ಟ ಕುಸಿಯಿತು. ಮೂರೂ ಸಲ ಒಂದೇ ತಿಂಗಳು ಬಂದದ್ದು ಆಕಸ್ಮಿಕವಲ್ಲ. ಆಗಸ್ಟ್ ಹೊತ್ತಿಗೆ ಮಣ್ಣಿನಲ್ಲಿ ಹೊಸ ನೀರಿಗೆ ಜಾಗವೇ ಉಳಿದಿರುವುದಿಲ್ಲ.

ಇಳಿಜಾರಿನ ಮಣ್ಣು ನಿಂತಿರುವುದು ಕಣಕ್ಕೆ ಕಣ ಒತ್ತಿಕೊಂಡ ಘರ್ಷಣೆಯಿಂದ ಮತ್ತು ಬೇರುಗಳ ಹಿಡಿತದಿಂದ. ಸ್ವಲ್ಪ ತೇವವಿದ್ದರೆ ಆ ಹಿಡಿತ ಇನ್ನೂ ಗಟ್ಟಿ. ಸಮುದ್ರದ ದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗೋಪುರ ನಿಲ್ಲುವುದು ಹೀಗೆಯೇ. ಆದರೆ ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ, ಸಿಕ್ಕಿಕೊಂಡ ಆ ನೀರು ಒಳಗಿನಿಂದಲೇ ಕಣಗಳನ್ನು ದೂರ ತಳ್ಳಲು ಶುರುಮಾಡುತ್ತದೆ. ಇದಕ್ಕೆ ರಂಧ್ರ ಒತ್ತಡ ಎಂದು ಹೆಸರು. ಒಂದು ಕಡೆ ಘರ್ಷಣೆ ಕುಗ್ಗುತ್ತದೆ, ಇನ್ನೊಂದು ಕಡೆ ಭಾರ ಏರುತ್ತದೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಗಿಲು, ಅಂದರೆ ನೂರು ಟನ್ ನೀರು. ಹತ್ತು ಇಂಚು ಬಿದ್ದ ದಿನ ಸಾವಿರ ಟನ್. ಹರಿದು ಹೋಗುವ ಪಾಲು ಹೋಗಲಿ, ಉಳಿದದ್ದೆಲ್ಲ ಆ ಇಳಿಜಾರಿನ ಮೇಲೆ ಕೂತ ಹೊರೆ. ಕೆಳಗೆ ಬಂಡೆಯ ಮೇಲೋ ನೀರು ಬಸಿಯದ ಜೇಡಿಯ ಪದರದ ಮೇಲೋ ನೀರು ನಿಂತರೆ, ಮೇಲಿನ ಮಣ್ಣು ಜಾರಲು ಅಲ್ಲೇ ದಾರಿ ಸಿಗುತ್ತದೆ. ಕರಾವಳಿಯ ಕಡೆ ಮುರಕಲ್ಲಿನ ಅಡಿ ಸಿಗುವ ಶೇಡಿ ಮಣ್ಣಿನದೂ ಇದೇ ಗುಣ: ಒಣಗಿದ್ದಾಗ ಗಟ್ಟಿ, ನೆನೆದಾಗ ನಂಬುವಂತಿಲ್ಲ. ಮಣ್ಣಿನೊಳಗೆ ನೀರು ಇಳಿಯಲು ಸಮಯ ಹಿಡಿಯುವುದರಿಂದ ಮಳೆ ನಿಂತ ಮೇಲೂ ಗುಡ್ಡ ಕುಸಿಯಬಹುದು. ಬಿಸಿಲು ಕಂಡಿತೆಂದು ಆ ಸಂಜೆಯೇ ಮನೆಗೆ ಮರಳುವುದು ಅಪಾಯ.

ಬೆಟ್ಟ ತಾನಾಗಿ ಕುಸಿಯುವುದು ಒಂದಾದರೆ, ಕುಸಿಯುವಂತೆ ನಾವೇ ಕಡಿದಿಡುವುದು ಇನ್ನೊಂದು. ಇಳಿಜಾರಿನಲ್ಲಿ ಮನೆಗೆ ಸೈಟ್ ಮಾಡುವಾಗ ಜೆಸಿಬಿ ಹಿಂಬದಿಯ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕೊರೆದು, ಆ ಮಣ್ಣನ್ನೇ ಮುಂದಕ್ಕೆ ಸುರಿದು ಅಂಗಳ ಮಾಡುತ್ತದೆ. ಗುಡ್ಡಕ್ಕೆ ಬುಡದಲ್ಲಿದ್ದ ಆಸರೆ ಹೋಯಿತು, ಅಂಗಳಕ್ಕೆ ಸಡಿಲ ಮಣ್ಣು ಬಂತು. ಮಳೆಗಾಲದಲ್ಲಿ ಹೀಗೆ ಕೊರೆದ ಬರೆ ಜರಿದು ಅಡುಗೆಮನೆಯ ಗೋಡೆ ಒಡೆಯುವ ಸುದ್ದಿ ಪ್ರತಿ ವರ್ಷ ಬರುವುದು ಇಂಥ ಮನೆಗಳಿಂದಲೇ. ಅಂಥ ಬರೆಗೆ ಕಟ್ಟಿದ ತಡೆಗೋಡೆಯನ್ನು ಹತ್ತಿರ ಹೋಗಿ ನೋಡಿ. ಗೋಡೆಯಲ್ಲಿ ಅಲ್ಲಲ್ಲಿ ಪೈಪಿನ ತೂತುಗಳಿರಬೇಕು, ಮಳೆ ಬರುವಾಗ ಅವುಗಳಿಂದ ನೀರು ಒಸರುತ್ತಿರಬೇಕು. ಗಾರೆ ಮಾಡುವಾಗ ಅವನ್ನು ಮುಚ್ಚಿಬಿಟ್ಟಿದ್ದರೆ, ಅಥವಾ ಮಣ್ಣು, ಬೇರು ತುಂಬಿ ಕಟ್ಟಿಕೊಂಡಿದ್ದರೆ, ಗೋಡೆಯ ಹಿಂದೆ ನೀರು ಏರುತ್ತಾ ಗೋಡೆಯನ್ನೇ ತಳ್ಳುತ್ತದೆ. ಆ ತೂತುಗಳನ್ನು ಬಿಡಿಸುವುದು ಒಂದು ಕಬ್ಬಿಣದ ಸಲಾಕೆ ಹಿಡಿದು ಅರ್ಧ ದಿನದಲ್ಲಿ ಮಾಡಿ ಮುಗಿಸುವ ಕೆಲಸ. ಬರೆಯ ನೆತ್ತಿಯಲ್ಲಿ ಅಡ್ಡ ಚರಂಡಿ ತೋಡಿ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವುದೂ ಅಷ್ಟೇ ಮುಖ್ಯ. ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ. ಕೆಳಗೆ ಮನೆಯಿರುವ ಕಡಿದಾದ ಗುಡ್ಡದ ಮೇಲೆ ಅದನ್ನು ತೋಡಬೇಡಿ. ಅಲ್ಲಿ ನೀರು ಇಳಿದಷ್ಟೂ ಕೇಡು.

ಇನ್ನು ಲೆಕ್ಕದ ಮಾತು. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಅಂಗಳದಲ್ಲಿ ಮಳೆಮಾಪಕ ಇರುತ್ತದೆ, ಬೆಳಿಗ್ಗೆ ಎದ್ದು ಅಳೆದು ಇಂಚು, ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹೂಮಳೆಗೆ, ಗೊಬ್ಬರಕ್ಕೆ ಎಂದು ಇಡುವ ಈ ಲೆಕ್ಕ ಜೀವ ಉಳಿಸುವ ಲೆಕ್ಕವೂ ಆಗಬಲ್ಲದು. ಹಳೆಯ ಪುಸ್ತಕ ತೆಗೆದು, ನಿಮ್ಮ ಊರಿನ ಬರೆ ಜರಿದ ದಿನಕ್ಕೆ ಹಿಂದಿನ ಮೂರು ದಿನ ಎಷ್ಟು ಮಳೆ, ಹಿಂದಿನ ಹದಿನೈದು ದಿನ ಒಟ್ಟು ಎಷ್ಟು ಎಂದು ಕೂಡಿ ನೋಡಿ. ಮುಂದೆ ಆ ಅಂಕಿಯ ಹತ್ತಿರ ಬಂದಾಗ ಹೊರಡುವ ಯೋಚನೆ ಶುರುವಾಗಬೇಕು. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರುವ ಮಳೆಯನ್ನು ಅತಿ ಹೆಚ್ಚಿನ ದರ್ಜೆಗೆ ಸೇರಿಸುತ್ತದೆ, ನಮ್ಮ ಲೆಕ್ಕದಲ್ಲಿ ಅದು ಎಂಟು ಇಂಚು. ಆದರೆ ತುಂಬಿದ ಗುಡ್ಡಕ್ಕೆ ಎಂಟು ಇಂಚು ಬೇಕಾಗಿಯೇ ಇಲ್ಲ. ಮಾಪಕ ಇಲ್ಲದ ಮನೆಯವರು ಬಾಯಿಯಿಂದ ಬುಡದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಸಾಕು. ಡಬ್ಬಿ ದೊಡ್ಡದಿರಲಿ ಸಣ್ಣದಿರಲಿ, ಎತ್ತರ ಒಂದೇ ಬರುತ್ತದೆ.

ಮಳೆಯ ಲೆಕ್ಕ ಜೀವ ಉಳಿಸುತ್ತದೆ ಎಂಬುದು ಬರೀ ಹೇಳುವ ಮಾತಲ್ಲ ಎನ್ನುವುದಕ್ಕೆ ಪಕ್ಕದ ವಯನಾಡೇ ಸಾಕ್ಷಿ. ಅಲ್ಲಿನ ಹ್ಯೂಮ್ ಸೆಂಟರ್ ಎಂಬ ಪರಿಸರ ಸಂಸ್ಥೆ ಸ್ಥಳೀಯರ ನೆರವಿನಿಂದ ಜಿಲ್ಲೆಯುದ್ದಕ್ಕೂ ಮಳೆಮಾಪಕಗಳ ಜಾಲ ನಡೆಸುತ್ತಿದೆ. 2020ರ ಆಗಸ್ಟ್‌ನಲ್ಲಿ ಮುಂಡಕ್ಕೈಯಲ್ಲಿ ಗುಡ್ಡ ಕುಸಿಯುವ ಮುನ್ನ ಮಳೆಯ ಲೆಕ್ಕ ನೋಡಿ ಎಚ್ಚರಿಸಿದ್ದರಿಂದ ಜನರನ್ನು ತೆರವುಗೊಳಿಸಲಾಯಿತು, ಜೀವಗಳು ಉಳಿದವು. 2024ರ ಜುಲೈ 29ರಂದೂ ಅದೇ ಸಂಸ್ಥೆ ಎಚ್ಚರಿಸಿತ್ತು. ಆ ರಾತ್ರಿ ಮುಂಡಕ್ಕೈ, ಚೂರಲ್‌ಮಲೆಯ ಬಹಳಷ್ಟು ಜನ ಮನೆಗಳಲ್ಲೇ ಮಲಗಿದ್ದರು. ಬೆಳಗಾಗುವುದರೊಳಗೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು, ಅವರಲ್ಲಿ ಕನ್ನಡಿಗರೂ ಇದ್ದರು. ಲೆಕ್ಕ ಎರಡೂ ಸಲ ಸರಿಯಿತ್ತು. ಹೊರಟದ್ದು ಒಂದು ಸಲ ಮಾತ್ರ.

ಅಳತೆ ತಪ್ಪಿದರೂ ಗುಡ್ಡ ಕೆಲವೊಮ್ಮೆ ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಕರೆಂಟ್ ಕಂಬ, ಸಿಲ್ವರ್ ಮರ ವಾಲುವುದು. ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ತಿಳಿಯಾಗಿದ್ದ ಒರತೆ ಕೆಂಪಾಗುವುದು. ಇವೆಲ್ಲಕ್ಕಿಂತ ಭಯಪಡಬೇಕಾದದ್ದು, ಮಳೆ ಸುರಿಯುತ್ತಿರುವಾಗಲೇ ಮನೆ ಪಕ್ಕದ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು, ಮರ ಅಡ್ಡಬಿದ್ದು ನೀರು ಕಟ್ಟಿಕೊಂಡಿದೆ ಎಂದು ಅದರರ್ಥ. ಆ ಕಟ್ಟೆ ಒಡೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ಆಗ ಏನನ್ನೂ ತೆಗೆದುಕೊಳ್ಳಲು ನಿಲ್ಲಬೇಡಿ.

ಯಾವ ಕಡೆ ಓಡಬೇಕು ಎಂಬುದನ್ನು ಬೇಸಿಗೆಯಲ್ಲೇ, ಹಗಲು ಹೊತ್ತಿನಲ್ಲಿ ನಡೆದು ನೋಡಿಟ್ಟುಕೊಳ್ಳಬೇಕು. ಕೆಸರು, ಬಂಡೆ, ಮರ ಇಳಿಯುವುದು ಹಳ್ಳದ ದಾರಿಯಲ್ಲಿ. ಹಾಗಾಗಿ ಹಳ್ಳದ ಗುಂಟ ಕೆಳಕ್ಕೆ ಇಳಿಯದೆ ಅಡ್ಡಲಾಗಿ, ಪಕ್ಕದ ಏಣಿನ ಕಡೆಗೆ ಹತ್ತಬೇಕು. ಹೊಳೆಯ ಆಚೆ ದಡದಲ್ಲಿದ್ದೇವೆ ಎಂದೂ ನಿಶ್ಚಿಂತೆ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಗುಡ್ಡ ಗಂಗಾವಳಿ ನದಿಗೆ ಬಿದ್ದಾಗ, ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೇ ಕೊಚ್ಚಿತು. ಮನೆ ಬಿಡಲಾಗದ ರಾತ್ರಿಯಾದರೆ ಗುಡ್ಡದ ಕಡೆಯ ಕೋಣೆ ಬಿಟ್ಟು ಎದುರು ಬದಿಯಲ್ಲಿ, ಮಹಡಿ ಇದ್ದರೆ ಮಹಡಿಯಲ್ಲಿ ಮಲಗಿ.

ಚೀಲದ ವಿಷಯ ಹೆಚ್ಚು ಹೇಳಬೇಕಿಲ್ಲ: ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ನೀರು ತಾಗದ ಕವರಿನಲ್ಲಿ, ಬಿಪಿ-ಶುಗರ್ ಮಾತ್ರೆ ವಾರಕ್ಕಾಗುವಷ್ಟು, ಟಾರ್ಚ್, ಸೀಟಿ, ಸ್ವಲ್ಪ ನಗದು. ಸಮಯವಿದ್ದರೆ ಮೇನ್ ಸ್ವಿಚ್, ಗ್ಯಾಸ್ ಬಂದ್ ಮಾಡಿ, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿ. ನಿಜಕ್ಕೂ ಕಷ್ಟವಾಗುವುದು ಮನೆಯ ಹಿರಿಯರನ್ನು ಹೊರಡಿಸುವುದು. ಕಟ್ಟಿದ ಮನೆ, ಸಾಕಿದ ದನ ಬಿಟ್ಟು ಬರಲು ಅವರ ಮನಸ್ಸು ಒಪ್ಪುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಆ ಮಾತನ್ನು ಮಳೆಯ ಮಧ್ಯರಾತ್ರಿಗೆ ಉಳಿಸಿಕೊಳ್ಳಬಾರದು. ಯಾರ ಮನೆಗೆ ಹೋಗುವುದು, ದನ ಎಲ್ಲಿ ಕಟ್ಟುವುದು ಎಂದು ಮೊದಲೇ ಕೂತು ತೀರ್ಮಾನಿಸಿದರೆ ಹೊರಡುವಾಗ ವಾದವಿರುವುದಿಲ್ಲ. ತೋಟದ ಲೈನ್‌ಮನೆಗಳಲ್ಲಿ ಹೊರ ರಾಜ್ಯದ ಕಾರ್ಮಿಕರಿದ್ದರೆ ಅವರಿಗೂ ಅವರ ಭಾಷೆಯಲ್ಲೇ ದಾರಿ ತೋರಿಸಿಡುವುದು ಯಜಮಾನರ ಹೊಣೆ. ಈ ಗುಡ್ಡದ ಸ್ವಭಾವ ಅವರಿಗೆ ಗೊತ್ತಿಲ್ಲ.

ಈ ಮಳೆಗಾಲಕ್ಕೆ ಮೊದಲು ಅಂಗಳಕ್ಕೊಂದು ಮಾಪಕ ಇಡಿ, ದಿನದ ಮಳೆಯನ್ನು ಊರಿನವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ 1077, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112. ಮೊಬೈಲಿನ ಚಾರ್ಜ್ ಮುಗಿದರೂ ಕಾಣುವಂತೆ ಬಾಗಿಲ ಹಿಂದೆ ದೊಡ್ಡದಾಗಿ ಬರೆದಿಡಿ.