ಮಂಗಳೂರಿನಿಂದ ಸಿಯಾಚಿನ್‌ವರೆಗೆ: ನಮ್ಮ ಜಾರ್ಜ್ ಫೆರ್ನಾಂಡಿಸ್

ಪುಣೆಯ ಕನ್ನಡಿಗರಿಗೆ ಸೈನ್ಯ ಹೊಸದಲ್ಲ. ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿ ಇಲ್ಲಿದೆ. ಬೆನ್ನುಹುರಿಗೆ ಪೆಟ್ಟಾದ ಯೋಧರ ಪುನರ್ವಸತಿ ಕೇಂದ್ರ ಖಡ್ಕಿಯಲ್ಲಿದೆ. 1999ರ ಕಾರ್ಗಿಲ್ ಯುದ್ಧದ ವೇಳೆ ರಕ್ಷಣಾ ಸಚಿವರಾಗಿದ್ದವರು ನಮ್ಮ ಕರಾವಳಿಯವರೇ ಎಂಬುದನ್ನು ಇಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ನಾವು ಹೇಳಬೇಕಾಗಿದೆ.

1930ರ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫೆರ್ನಾಂಡಿಸ್, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿದ್ದರು. ಗುರುಗಳಿಗೊಂದು ಊಟ, ವಿದ್ಯಾರ್ಥಿಗಳಿಗೊಂದು ಊಟ ಎಂಬ ಪಂಕ್ತಿಭೇದ ಸಹಿಸದೆ ಹೊರಬಂದರು. ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದಿದರು. ಮುಂದೆ ಬಂದರು, ಟ್ಯಾಕ್ಸಿ, ಮುನ್ಸಿಪಾಲಿಟಿ ಕಾರ್ಮಿಕರ ನಾಯಕರಾದರು. ಟ್ಯಾಕ್ಸಿ ಚಾಲಕರಿಗೆ ಸಾಲ ಸಿಗಲೆಂದು 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಬ್ಯಾಂಕ್ ಗುಮಾಸ್ತನಾದ ನನಗೆ ಇದು ಸಣ್ಣ ಕೆಲಸವೆನಿಸುವುದಿಲ್ಲ.

1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1974ರ ಮೇ ತಿಂಗಳಲ್ಲಿ ದೇಶದ ರೈಲು ಮುಷ್ಕರದ ನೇತೃತ್ವ ವಹಿಸಿದರು. ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಬಂಧಿತರಾಗಿ, ಬೇಡಿ ತೊಟ್ಟ ಕೈ ಎತ್ತಿದ ಅವರ ಚಿತ್ರ ಮನೆಮಾತಾಯಿತು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು.

ಇಂಥ ಹೋರಾಟಗಾರ 1998ರಲ್ಲಿ ವಾಜಪೇಯಿ ಸರಕಾರದ ರಕ್ಷಣಾ ಸಚಿವರಾದಾಗ ಹುಬ್ಬೇರಿಸಿದವರು ಹಲವರು. ಆದರೆ ಅವರು ಮತ್ತೆ ಮತ್ತೆ ಸಿಯಾಚಿನ್ ಹಿಮನದಿಗೆ ಹೋಗಿ ಯೋಧರ ಕಷ್ಟ ಕೇಳಿದರು. ಅಲ್ಲಿಗೆ ಬೇಕಾದ ಹಿಮವಾಹನಗಳ ಖರೀದಿ ದೆಹಲಿಯ ಕಡತಗಳಲ್ಲಿ ಕೊಳೆಯುತ್ತಿದೆಯೆಂದು ತಿಳಿದಾಗ, ಸಂಬಂಧಪಟ್ಟ ಅಧಿಕಾರಿಗಳೇ ಸಿಯಾಚಿನ್‌ಗೆ ಹೋಗಿ ಬರಲಿ ಎಂದು ಆಜ್ಞೆ ಮಾಡಿದರು.

ಕಾರ್ಗಿಲ್‌ನಲ್ಲಿ 527 ಯೋಧರು ಪ್ರಾಣಾರ್ಪಣೆ ಮಾಡಿದರು. ಶಿಖರಗಳು ಮರಳಿ ನಮ್ಮ ಕೈಸೇರಿದವು. ನುಸುಳುಕೋರರ ಸುಳಿವು ಮೊದಲೇ ಏಕೆ ಸಿಗಲಿಲ್ಲ ಎಂಬ ಟೀಕೆಯನ್ನು ಸಚಿವರೂ ಎದುರಿಸಬೇಕಾಯಿತು. ತೆಹಲ್ಕಾ ಪ್ರಕರಣದಿಂದ 2001ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಮರಳಿ ಬಂದರು. ಶವಪೆಟ್ಟಿಗೆ ಖರೀದಿಯ ಅಪವಾದ ಬಹುಕಾಲ ಬೆನ್ನಟ್ಟಿತು. ಆದರೆ ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

2019ರ ಜನವರಿ 29ರಂದು ಅವರು ನಿಧನರಾದರು. 2020ರಲ್ಲಿ ಮರಣೋತ್ತರ ಪದ್ಮವಿಭೂಷಣ ಪ್ರಕಟವಾಯಿತು.

ಅವರ ರಾಜಕೀಯ ಒಪ್ಪದವರು ನಮ್ಮಲ್ಲೂ ಇದ್ದಾರೆ. ಆದರೆ ಮೇಜಿನ ಮೇಲಿನ ಕಡತದ ಕೊನೆಯಲ್ಲಿ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ ಎಂಬ ಅವರ ಪಾಠ ಎಲ್ಲರದು. ನಾಳೆ ಕೌಂಟರಿನಲ್ಲಿ ಕುಳಿತಾಗ ನಾನೂ ಅದನ್ನು ನೆನೆಯುತ್ತೇನೆ.