ಗಂಟಲಲ್ಲಿ ಸಿಕ್ಕಿದ್ದು ಮೀನಿನ ಮುಳ್ಳೇ?

ದನದ ಡಾಕ್ಟರು ದನ-ಎಮ್ಮೆಗೆ ಮಾತ್ರ ಎಂಬ ಮಾತು ಕಾರವಾರ, ಅಂಕೋಲಾ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಕೊಟ್ಟಿಗೆ ಖಾಲಿಯಾದ ಮನೆಯಲ್ಲೂ ಅಂಗಳದಲ್ಲೊಂದು ನಾಯಿ, ಒಲೆ ಬುಡದಲ್ಲೊಂದು ಬೆಕ್ಕು ಇರುತ್ತದೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಅವಕ್ಕೂ ಚಿಕಿತ್ಸೆ ಉಂಟು. ಆದರೆ ಕೆಲವು ಹಳೆಯ ನಂಬಿಕೆಗಳಿಂದ ಅವು ಅಲ್ಲಿಗೆ ತಲುಪುವುದು ತಡವಾಗುತ್ತದೆ.

ಆ ನಂಬಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದು: "ನಾಯಿಯ ಗಂಟಲಲ್ಲಿ ಮುಳ್ಳು ಸಿಕ್ಕಿದೆ." ಬಂಗಡೆ ತಲೆ ತಿಂದು ಬೆಳೆದ ನಾಯಿ. ಒಂದು ದಿನ ನೋಡಿದರೆ ದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ಬೊಗಳಿದರೆ ದನಿ ಒಡೆದಿದೆ. ನೀರಿಗೆ ಬಾಯಿ ಹಾಕುತ್ತದೆ, ನುಂಗಲಾಗದು. ಮನೆಯವರು ಬಾಯೊಳಗೆ ಬೆರಳು ಹಾಕಿ ತಡಕುತ್ತಾರೆ. ಮುಳ್ಳು ಇರಲೂಬಹುದು. ಆದರೆ ರೇಬಿಸ್‌ನ ಒಂದು ಬಗೆ ಹೀಗೇ ಕಾಣುತ್ತದೆ: ನಾಯಿ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ, ಮೂಲೆ ಹಿಡಿಯುತ್ತದೆ, ದವಡೆ ಮತ್ತು ಗಂಟಲಿನ ಸ್ನಾಯುಗಳು ಸೋತುಹೋಗುತ್ತವೆ. ವೈರಸ್ ಇರುವುದು ಆ ಜೊಲ್ಲಿನಲ್ಲೇ. ಬೆಳಿಗ್ಗೆ ಮೀನು ಕೊಯ್ಯುವಾಗ ಬೆರಳಿಗಾದ ಗೀರು ಅದು ಒಳಹೊಗಲು ಸಾಕು. ಬಾಯಿಗೆ ಕೈ ಹಾಕಬೇಡಿ, ಡಾಕ್ಟರನ್ನು ಕರೆಯಿರಿ. ಹಾಕಿಯಾಗಿದ್ದರೆ ಅದನ್ನೂ ಕಚ್ಚಿದ ಹಾಗೆಯೇ ಎಣಿಸಿ.

"ನೀರಿಗೆ ಹೆದರದ ನಾಯಿಗೆ ಹುಚ್ಚಿಲ್ಲ" ಎಂಬುದೂ ಸುಳ್ಳು. ನೀರಿನ ಭಯ ರೋಗ ತಗುಲಿದ ಮನುಷ್ಯರ ಲಕ್ಷಣ. ಮರಿ ಕಚ್ಚಿದರೆ ನಂಜಿಲ್ಲ, ಬೆಕ್ಕು ಪರಚಿದರೆ ಏನೂ ಆಗದು ಎನ್ನುವುದೂ ಅಷ್ಟೇ ಸುಳ್ಳು. ಗಾಯಕ್ಕೆ ಸುಣ್ಣ, ಅರಿಶಿನ ಬೇಡ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಕಾಲ ಎಂದೋ ಮುಗಿದಿದೆ. ಈಗ ತೋಳಿನ ಚರ್ಮದೊಳಗೆ ಕೊಡುವ ಲಸಿಕೆಯ ಲೆಕ್ಕ 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಉಣುಗಿಗೆ ಸೀಮೆಎಣ್ಣೆ ಸವರಿದರಾಯಿತು ಎನ್ನುವವರಿದ್ದಾರೆ. ಸುಡುವುದು ನಾಯಿಯ ಚರ್ಮ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಉದುರಿ, ಚಿರೆಕಲ್ಲಿನ ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಡಾಕ್ಟರು ಹೇಳಿದ ಔಷಧಿ ಹಾಕಿ ಗೋಡೆಯನ್ನು ಬಿಟ್ಟರೆ ಅರ್ಧ ಕೆಲಸ ಮಾತ್ರ. ನಾಯಿ ಅನ್ನ ಬಿಟ್ಟಿದ್ದು, ಒಸಡು ಬಿಳಿಚಿಕೊಂಡು ಮೂಗಿನಲ್ಲಿ ರಕ್ತ ಬಂದರೆ ಉಣುಗು ಜ್ವರವಿರಬಹುದು, ಕೂಡಲೇ ರಕ್ತಪರೀಕ್ಷೆ ಮಾಡಿಸಿ.

ಬೆಕ್ಕಿಗೆ ಮೈ ಬಿಸಿಯಾದರೆ ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್‌ನಲ್ಲಿ ಚೂರು ಕೊಡಬಹುದು ಎಂದುಕೊಳ್ಳಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಒಂದೇ ಮಾತ್ರೆಗೆ ಜೀವ ಹೋಗಬಹುದು. ಗಂಡು ಬೆಕ್ಕು ಮೂಲೆಯಲ್ಲಿ ಕೂತು ತಿಣುಕುತ್ತಿದ್ದರೆ ಮಲ ಕಟ್ಟಿದೆ ಎಂದು ಹರಳೆಣ್ಣೆ ಕುಡಿಸುತ್ತಾರೆ. ಹಲವು ಸಲ ಕಟ್ಟಿರುವುದು ಮೂತ್ರ. ನಾಳೆ ನೋಡೋಣ ಎನ್ನುವಷ್ಟು ಸಮಯ ಅದಕ್ಕಿರುವುದಿಲ್ಲ.

ಬೀದಿನಾಯಿಗಳಿಗೆಲ್ಲ ರೇಬಿಸ್ ಲಸಿಕೆ ಹಾಕಿ ಪೂರೈಸೀತೇ ಎಂದು ಕೇಳುವವರು ಗಡಿಯ ಮಾಜಾಳಿ ದಾಟಿ ನೋಡಬೇಕು. ಗೋವಾದಲ್ಲಿ ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ ಹಾಕಿದರು. 2018 ಮತ್ತು 2019ರಲ್ಲಿ ಅಲ್ಲಿ ರೇಬಿಸ್‌ನಿಂದ ಒಬ್ಬರೂ ಸಾಯಲಿಲ್ಲ. ನಮ್ಮ ಅಂಗಳದ ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಸೂಜಿ, ಆಮೇಲೆ ಬೂಸ್ಟರ್, ನಂತರ ಡಾಕ್ಟರು ಬರೆದುಕೊಟ್ಟ ದಿನಕ್ಕೆ ತಪ್ಪದೆ. ಒಲೆ ಬುಡದ ಬೆಕ್ಕಿಗೂ ಇದೇ ಲೆಕ್ಕ.