ಜ್ವರವಿಲ್ಲವೆಂದು ನಿಶ್ಚಿಂತರಾಗಬಹುದೆ?

2005ರ ಮಾರ್ಚ್ 31ರಂದು ಜಗದ್ಗುರು ದ್ವಿತೀಯ ಜಾನ್ ಪೌಲರಿಗೆ ಮೂತ್ರನಾಳದ ಸೋಂಕಿನಿಂದ ತೀವ್ರ ಜ್ವರ ಬಂದಿತು. ನಂಜು ರಕ್ತಕ್ಕೇರಿ, ರಕ್ತದೊತ್ತಡ ಕುಸಿದು, ಏಪ್ರಿಲ್ 2ರ ರಾತ್ರಿ ಅವರು ನಮ್ಮನ್ನಗಲಿದರು. ಆಗ ಅವರಿಗೆ 84 ವರ್ಷ. ಪಾರ್ಕಿನ್ಸನ್ ಕಾಯಿಲೆ ಅವರ ದೇಹವನ್ನು ಮೊದಲೇ ಜರ್ಜರಗೊಳಿಸಿತ್ತು. ಇಪ್ಪತ್ತು ವರ್ಷಗಳ ಬಳಿಕ, 2025ರ ಫೆಬ್ರವರಿಯಲ್ಲಿ, 88ರ ಪೋಪ್ ಫ್ರಾನ್ಸಿಸರು ಎರಡೂ ಶ್ವಾಸಕೋಶಗಳ ನ್ಯುಮೋನಿಯಾದಿಂದಾಗಿ ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ 38 ದಿನ ಕಳೆಯಬೇಕಾಯಿತು. ಯೌವನದಲ್ಲಿ ಸಾಮಾನ್ಯವಾಗಿ ಒಂದಿಷ್ಟು ಮಾತ್ರೆಗಳಿಗೆ ಮಣಿಯುವ ಸೋಂಕು ಇಳಿವಯಸ್ಸಿನಲ್ಲಿ ಇಷ್ಟು ಉಗ್ರವಾಗುವುದೇಕೆ?

ನಮ್ಮ ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ರೋಗಾಣುಗಳೊಡನೆ ಹೋರಾಡುವ ಟಿ ಕಣಗಳು ಪಳಗುವುದು ಅಲ್ಲಿಯೇ. ಹದಿಹರೆಯದಿಂದಲೇ ಕುಗ್ಗುತ್ತ ಬರುವ ಈ ಗ್ರಂಥಿ ಮುಪ್ಪಿನ ವೇಳೆಗೆ ಬಹುಮಟ್ಟಿಗೆ ಕೊಬ್ಬಾಗಿ ಮಾರ್ಪಟ್ಟಿರುತ್ತದೆ. ಹಳೆಯ ಶತ್ರುಗಳನ್ನು ಗುರುತಿಸುವ ಕಣಗಳು ಉಳಿದಿದ್ದರೂ ಹೊಸ ಶತ್ರುವನ್ನು ಎದುರಿಸಲು ಹೊಸಬರಿರುವುದಿಲ್ಲ. ಸೋಂಕಿನೆಡೆಗೆ ಮೊದಲು ಧಾವಿಸುವ ಬಿಳಿ ರಕ್ತಕಣಗಳೂ ಮುದಿದೇಹದಲ್ಲಿ ದಾರಿ ತಪ್ಪಿ, ಆರೋಗ್ಯವಂತ ಅಂಗಾಂಶವನ್ನೇ ಗಾಸಿಗೊಳಿಸುವುದುಂಟು. ಇದರ ಜೊತೆಗೆ ವೃದ್ಧದೇಹದಲ್ಲಿ ಮಂದವಾದ ಉರಿಯೂತವೊಂದು ಸದಾ ಇರುತ್ತದೆಂದು ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಚೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದರು. ಬೂದಿ ಮುಚ್ಚಿದ ಕೆಂಡವೆನ್ನಬಹುದು. ಸೋಂಕು ತಗುಲಿದಾಗ ಪ್ರತಿರೋಧ ತಡವಾಗಿ ಏಳುತ್ತದೆ; ಎದ್ದ ಮೇಲೆ ಬೇಗನೆ ತಣಿಯದೆ ಮೂತ್ರಪಿಂಡ, ಶ್ವಾಸಕೋಶಗಳನ್ನೂ ಸುಡುತ್ತದೆ.

ಮನೆಮಂದಿ ಮೋಸಹೋಗುವುದು ಆ ತಡದಲ್ಲಿಯೇ. ಜಾನ್ ಪೌಲರಿಗೆ ಜ್ವರವಾದರೂ ಬಂದಿತ್ತು. ಆದರೆ ಗಂಭೀರ ಸೋಂಕಿಗೆ ಗುರಿಯಾದ ವೃದ್ಧರಲ್ಲಿ ಶೇ. 20ರಿಂದ 30ರಷ್ಟು ಮಂದಿಗೆ ಜ್ವರ ಬರುವುದೇ ಇಲ್ಲ, ಬಂದರೂ ಅಲ್ಪ. ಕೆಮ್ಮಿಲ್ಲದ ನ್ಯುಮೋನಿಯಾ, ಉರಿಯಿಲ್ಲದ ಮೂತ್ರಸೋಂಕು ಅವರಲ್ಲಿ ಅಪರೂಪವಲ್ಲ. ಅಜ್ಜಿ ಊಟ ಬೇಡವೆನ್ನುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ, ಮಗನನ್ನೇ ಯಾರೆಂದು ಕೇಳುತ್ತಾರೆ. ಅರವತ್ತಕ್ಕೆ ಅರಳುಮರಳೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳ ಕಾಲ ಬೆಳೆಯುವಂಥದು. ಒಂದೆರಡು ದಿನಗಳಲ್ಲಿ ಕವಿದ ಗೊಂದಲ ಬೇರೆಯೇ ಸಂಗತಿ. ದಿನವೂ ಜೊತೆಗಿರುವ ನಮಗೆ ಕಾಣದ್ದು, ತಿಂಗಳಿಗೊಮ್ಮೆ ಪರಮಪ್ರಸಾದ ತರುವ ಗುರುಗಳ ಕಣ್ಣಿಗೆ ಬಿದ್ದರೂ ಆಶ್ಚರ್ಯವಿಲ್ಲ.

ಹಿರಿಯರ ಸಹಜ ಉಷ್ಣತೆಯೇ ತುಸು ಕಡಿಮೆ. ಆದ್ದರಿಂದ ಅವರು ಆರೋಗ್ಯವಾಗಿರುವಾಗಲೇ ಅಳೆದು ಗುರುತು ಹಾಕಿಕೊಳ್ಳುವುದು ಒಳಿತು. ಆ ಮಟ್ಟಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಏರಿದರೆ ಅವರ ಪಾಲಿಗೆ ಅದೇ ಜ್ವರ. ಮಂಡಿನೋವಿಗೆಂದು ನುಂಗುವ ಪ್ಯಾರಾಸಿಟಮಾಲ್ ಅದನ್ನೂ ಮರೆಮಾಡಬಲ್ಲದು. ಗೊಂದಲದೊಡನೆ ಉಸಿರಾಟ ವೇಗವಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ ಬೆಳಗಾಗಲೆಂದು ಕಾಯಲಾಗದು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳು ವೃದ್ಧರಲ್ಲಿ ಯುವಕರಲ್ಲಿನಷ್ಟು ಬಲವಾಗಿ ಕೆಲಸಮಾಡುವುದಿಲ್ಲ, ನಿಜ. ಆದರೂ ರೋಗದ ತೀವ್ರತೆಯನ್ನು ತಗ್ಗಿಸುತ್ತವೆ. ನಮ್ಮ ಮನೆಗಳಲ್ಲಿ ಮೊಮ್ಮಕ್ಕಳ ಚುಚ್ಚುಮದ್ದಿನ ಚೀಟಿಗಳು ಜೋಪಾನವಾಗಿವೆ. ಅಜ್ಜ ಅಜ್ಜಿಯರ ಹೆಸರಿನಲ್ಲಿ ಅಂಥ ಒಂದು ಚೀಟಿ ಎಷ್ಟು ಮನೆಗಳಲ್ಲಿದೆ?